ಸಂಕ್ರಾಂತಿ ಹಸರು ಉಟ್ಟು ಬಂದ ವರ್ಷ

ನಮ್ಮ ಕಡಿ ಥಂಡಿ ಬಿತ್ತಂದ್ರ ಮೊದಲ ಊರಾಗಿನ ಬಣ್ಣ ಸಾಯತಿದ್ದವು. ಅಕ್ಕಲಕೋಟದಿಂದ ಎರಡು ಹರದಾರಿ ನಮ್ಮ ಹಳ್ಳಿ. ಗಾಳಿ ತಿರಗಿದ ಕೂಡಲೇ ಗಂಡಸರು, ಹೆಂಗಸರು, ಹುಡುಗ್ರು ಎಲ್ಲಾರೂ ಕರಿ ಕಂಬಳಿ ಹೊದ್ದು ಕುಂಡರತಿದ್ರು. ಕುರಿ ಕರಿ, ಕಂಬಳಿ ಕರಿ, ಹೊಲದ ಮಣ್ಣು ಕರಿ, ಒಲಿ ಮುಂದ ಕುಂತ ಆಯಿ ಮಾರಿನೂ ಹೊಗಿ ಹಿಡದು ಕರಿ. ಮುಂಜಾನಿ ಮಂಜಿನ್ಯಾಗ ಯಾರರ ನಡಕೋತ ಬಂದ್ರ ಮನಷ್ಯಾ ಬರಾಕತ್ತಾನೋ, ಕಂಬಳಿನ ಎದ್ದು ಬರಾಕತ್ತೈತೋ ತಿಳೀತಿದ್ದಿಲ್ಲ. ಸಣ್ಣಾಕಿದ್ದಾಗ ಒಮ್ಮೆ ಕಟ್ಟಿ ಮ್ಯಾಲ ಒಣಾಕ ಹಾಕಿದ್ದ ಕಂಬಳಿಗೆ ನಾ "ಕಾಕಾ, ಚಾ ಆತೇನ್ರಿ?" ಅಂತ ಮಾತಾಡಿಸೀನಿ.

ನಾ ಹೇಳೂ ವರ್ಷ ನನಗ ಹತ್ತು. ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಆಗಿರಬೇಕು. ನಮ್ಮ ಭಾಗ ಮೈಸೂರಿನ ಕಡಿ ಹೋಗತೈತೋ ಮುಂಬೈ ಕಡಿ ಉಳೀತೈತೋ ಅಂತ ಗಂಡಸರು ಕಟ್ಟಿಗೆ ಕುಂತು ದಿನಾ ಜಗಳಾಡತಿದ್ರು. ನಮ್ಮಪ್ಪನ ಅವ್ವ, ಅಂದ್ರ ಆಯಿ, ಒಳಗಿಂದ "ಎತ್ತ ಹೋದ್ರೂ ಥಂಡಿ ಇಲ್ಲೇ ಇರತೈತಿ, ಕಟಗಿ ಒಡೀರಿ" ಅಂತ ಒದರತಿದ್ಲು.

ಅಂಥಾ ಮನಿಗೆ ಸೊಲ್ಲಾಪುರದಿಂದ ವೈನಿ ಬಂದ್ಲು, ನಮ್ಮಣ್ಣನ ಹೇಣ್ತಿ. ಮೊಮ್ಮಗಳು ನನಗ ಈ ಫೋನಿನ್ಯಾಗ ಕನ್ನಡ ಒತ್ತೂದು ಕಲಿಸಿ ಎರಡು ತಿಂಗಳಾತು. ನಾ ವೈನಿ ಅಂತ ಒತ್ತಿದ್ರ ಇದು ವೈನ್ ಅಂತ ಮುಂದ ಮಾಡತೈತಿ. ಇರಲಿ. ಊರ ಮಂದಿ ತಲಿ ತಿರಗಸೂದ್ರಾಗ ಆಕಿನೂ ಏನ್ ಕಮ್ಮಿ ಇದ್ದಿಲ್ಲ.

ಆಕಿ ಅಪ್ಪ ಅರಿವಿ ಗಿರಣ್ಯಾಗ ಕೆಲಸಕ್ಕಿದ್ದ. ಗಿರಣಿ ಭೋಂಗಾ ಕೂಗಿದ್ದು ಕೇಳಿ ಏಳೂದು, ಭೋಂಗಾ ಕೇಳಿ ಉಣ್ಣೂದು ಆಕಿ ರೂಢಿ. ಬಂದ ಹೊಸದಾಗ, "ಭೋಂಗಾ ಇಲ್ಲದ ಊರಾಗ ನಿಮಗ ಹೊತ್ತಾಗಿದ್ದು ಹೆಂಗ ತಿಳೀತೈತ್ರಿ ಆಯಿ?" ಅಂತ ಕೇಳಿದ್ಲು.

"ಹೊಟ್ಟಿ ಹಸಿತಂದ್ರ ಹೊತ್ತಾತು," ಅಂದ್ಲು ಆಯಿ. "ನಿಮ್ಮೂರಾಗ ಹೊಟ್ಟೀನೂ ಸಾಹೇಬನ್ನ ಕೇಳೇ ಹಸಿತೈತೇನು?"

ವೈನಿ ಟ್ರಂಕು ತಗದ್ರ ಒಳಗ ಬರೇ ಬಣ್ಣ. ಕಿತ್ತಳಿ, ಗುಲಾಬಿ, ನವಿಲಿನ ಕುತ್ತಿಗಿ ಬಣ್ಣ. ಮ್ಯಾಲ ಜರಿ, ಅಂಚಿಗೆ ಹಚ್ಚೂ ಗೋಟ, ಹೊಳಿಯೂ ಟಿಕ್ಲಿ. ಮೊದಲನೇ ಥಂಡ್ಯಾಗನ ಆಕಿ ಗುಲಾಬಿ ಬಣ್ಣದ ಜರಿ ಸೀರಿ ಉಟ್ಟು ನೀರಿಗೆ ಹೊಂಟ್ಲು. ನಾ ಹಿಂದ ಬಾಲದಂಗ. ಬಾವಿ ಹಂತೇಕ ಮಗ್ಗಲ ಮನಿ ಮಾವಶಿ ಕೊಡಾ ಕೆಳಗಿಟ್ಟು ನಿಂತ್ಲು.

"ಏನವಾ, ಎಲ್ಲ್ಯರ ಲಗ್ನ ಐತೇನು?"

"ಇಲ್ರಿ ಮಾವಶಿ, ಥಂಡಿ ಐತಿ."

"ಥಂಡಿಗೆ ಕಂಬಳಿ ಹೊದಕೋತಾರ. ಜರಿ ಸೀರಿ ಉಡೂದು ಯಾವ ಊರಿನ ಪದ್ಧತಿ?"

"ಕಂಬಳಿ ಮೈ ಬೆಚ್ಚಗ ಇಡತೈತ್ರಿ. ಕಣ್ಣು ಬೆಚ್ಚಗ ಇರೂದು ಬ್ಯಾಡೇನು?"

ಮಾವಶಿ ಈ ಮಾತು ಊರೆಲ್ಲ ಹಂಚಿದ್ಲು. ಹೆಂಗಸರು ನಕ್ರು. ಆದ್ರ ನಕ್ಕಾವ್ರ ಒಬ್ಬೊಬ್ಬರ ಬಂದು "ಆ ಗೋಟ ಎಲ್ಲಿ ಸಿಗತೈತವಾ?" ಅಂತ ಮೆಲ್ಲಕ ಕೇಳಿ ಹೋದ್ರು.

ಎರಡನೇ ಥಂಡಿ ಬರೂದ್ರಾಗ ವೈನಿ ಬಸರಾಗಿದ್ಲು. ಹೊಲಕ್ಕ ಹೋಗೂದು ಬಿಡಿಸಿ ಮನ್ಯಾಗ ಕುಂಡರಿಸಿದ್ರು. ಕುಂತಾಕಿ ಸುಮ್ಮನ ಕುಂಡರಬೇಕಲ್ಲ? ನನಗೊಂದು ಲಂಗಾ, ನಮ್ಮ ಕಡಿ ಪರಕಾರ ಅಂತೀವಿ, ಹೊಲ್ಯಾಕ ಹಿಡದ್ಲು. ಸೊಲ್ಲಾಪುರದಿಂದ ತಂದಿದ್ದ ಹಸರು ಅರಿವಿ, ಗಿಳಿ ಹಸರು. ತಾಂಡೇದಿಂದ ಬರೂ ಲಮಾಣಿ ಹೆಣಮಗಳಿಗೆ ಒಂದು ಮರಾ ಜ್ವಾಳಾ ಸುರುವಿ ಕನ್ನಡಿ ಚೂರು ತಗೊಂಡ್ಲು. ಒಂದೊಂದು ಚೂರಿನ ಸುತ್ತ ಹಳದಿ ದಾರದ್ಲೆ ಹೂವಿನಂಗ ಹೊಲದು, ಕೆಳಗ ತನ್ನ ಹಳೇ ಸೀರಿ ಜರಿ ಅಂಚು ಜೋಡಿಸಿ, ನಡುವ ಟಿಕ್ಲಿ ತುಂಬಿದ್ಲು. ಹಾಕ್ಕೊಂಡ್ರ ಸೊಂಟ ಜಗ್ಗೂವಷ್ಟು ಭಾರ. ಬಿಸಲಾಗ ನಿಂತು ಒಂದು ಗಿರಕಿ ಹೊಡದ್ರ ಗೋಡಿ ತುಂಬ ಬೆಳಕಿನ ಚುಕ್ಕಿ ಓಡತಿದ್ದವು. ನಮ್ಮ ಆಕಳ ಕರ ಹೆದರಿ ದಾವಣಿ ಹರಕೊಂಡು ಓಡಿಹೋತು. ಅದನ್ನ ಹಿಡ್ಯಾಕ ಅಣ್ಣ ಓಡಿದ. ಅಣ್ಣನ್ನ ನೋಡಿ ವೈನಿ ಹೊಟ್ಟಿ ಹಿಡಕೊಂಡು ನಕ್ಳು.

ಎಳ್ಳಮಾಸಿಗೆ ಎಲ್ಲಾರೂ ಬಂಡಿ ಕಟ್ಟಿಕೊಂಡು ಹೊಲಕ್ಕ ಬೆಳೀಗೆ ಎಡಿ ತೋರಿಸಿ ಚರಗ ಚೆಲ್ಲಾಕ ಹೋದಾಗ ನಾ ಅದನ್ನ ಹಾಕ್ಕೊಂಡಿದ್ದೆ. ವೈನಿಗೆ ಅದ ವಾರ ಏಳನೇ ತಿಂಗಳ ಸೀಮಂತದ ಕುಬಸ ಆಗಿತ್ತು. ಆಕಿನೂ ಕುಬಸದ ಹಸರು ಸೀರಿ, ಮೊಣಕೈ ತನಕ ಹಸರು ಬಳಿ. ಎದಿಮಟ ಬೆಳದ ಜ್ವಾಳದಾಗ ನಾವಿಬ್ಬರು ನಡದ್ರ ಬರೇ ಮಿಂಚು ಕಾಣತಿತ್ತಂತ, ಮನಷ್ಯಾರು ಕಾಣತಿದ್ದಿಲ್ಲಂತ. ಮಂದಿ ಹೌಸಿಲೆ ನೋಡಿದ್ರು. ಆಯಿ ಅಷ್ಟ ನಗಲಿಲ್ಲ.

"ಹೊಟ್ಟ್ಯಾಗ ಒಂದು ಜೀವ ಇಟಗೊಂಡಾಕಿ ಇಷ್ಟು ಮಿಂಚಬಾರದು," ಅಂದ್ಲು. "ನೋಡಬಾರದಾವ್ರೂ ನೋಡತಾರ."

ಆ ಸಂಜಿಕ ತ್ವಾಳ ಬಂದು ಕುರಿ ದಡ್ಡ್ಯಾಗಿಂದ ಎರಡು ಮರಿ ಒಯ್ತು. ಥಂಡ್ಯಾಗ ತ್ವಾಳ ಬರೂದು ಹೊಸಾದಲ್ಲ. ಆದ್ರ ಆಯಿ ನನ್ನ ಪರಕಾರದ ಕಡಿ ಒಮ್ಮೆ ನೋಡಿದ್ಲು. ಬೈದಿದ್ರ ಛಲೋ ಇತ್ತು.

ಮುಂದ ಸಂಕ್ರಾಂತಿ ನಾಕು ದಿವಸ ಇದ್ದಾಗ ಪಂಚಾಂಗ ಹೇಳೂ ಜೋಶಿ ಬಂದ. ತಿಳೀದಾವ್ರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡಿ ಸಂಕ್ರಾಂತಿ ಅಂದ್ರ ಬರೇ ಎಳ್ಳುಬೆಲ್ಲದ ಹಬ್ಬಲ್ಲ, ಆಕಿ ಒಬ್ಬಾಕಿ ಹೆಂಗಸು. ವರ್ಷಾ ಒಂದೊಂದು ಪ್ರಾಣಿ ಮ್ಯಾಲ ಕುಂತು ಬರತಾಳ, ಒಂದೊಂದು ಬಣ್ಣ ಉಟ್ಟು ಬರತಾಳ. ಆಕಿ ಉಟ್ಟ ಬಣ್ಣ ಆ ವರ್ಷ ಯಾರೂ ಉಡಬಾರದು. ಉಟ್ರ ಆಕಿ ಸರೀಕ ಆಧಂಗ. ಆಕಿಗೆ ಸರೀಕರು ಸೇರಂಗಿಲ್ಲ.

ಜೋಶಿ ಕಟ್ಟಿ ಮ್ಯಾಲ ಕುಂತು ಪಂಚಾಂಗ ಬಿಚ್ಚಿದ. ನಾವೆಲ್ಲ ಸುತ್ತ ನಿಂತಿವಿ.

"ಈ ಸಲ ಕ್ವಾಣದ ಮ್ಯಾಲ ಬರತಾಳ. ಕೈಯಾಗ ಕತ್ತಿ. ಬಡಗಲದಿಂದ ಬಂದು ತೆಂಕಲಕ್ಕ ಹೋಗತಾಳ."

"ಉಟ್ಟಿದ್ದೇನ್ರಿ?" ಕೇಳಿದ್ಲು ಆಯಿ.

ಜೋಶಿ ಬೆರಳು ಕೆಳಗ ಸರಸಿದ. "ಹಸರು."

ಎಲ್ಲಾರ ಕಣ್ಣು ವೈನಿ ಕೈ ಮ್ಯಾಲ. ವೈನಿ ಸೆರಗು ಜಗ್ಗಿ ಬಳಿ ಮುಚ್ಚಿಕೊಂಡ್ಲು. ಮುಚ್ಚಿದ್ರ ಬಳಿ ಸದ್ದು ಮಾಡಿದವು.

ಜೋಶಿ ಹೋದ ಮ್ಯಾಲ ವೈನಿ ನಗಸಾಕ ನೋಡಿದ್ಲು. "ಆಯಿ, ಆಕಿ ದೇವರಲ್ಲೇನ್ರಿ? ನಮ್ಮಂಥಾ ಬಡವರ ಸೀರಿಗೆ ಆಕಿ ಯಾಕ ಹೊಟ್ಟಿಕಿಚ್ಚ ಪಡತಾಳ?"

ಆಯಿ ಆಕಿನ್ನ ಹಂತೇಕ ಕರದು ಕುಂಡರಿಸಿಕೊಂಡ್ಲು. ದನಿ ಏರಸಲಿಲ್ಲ. ಅದಕ್ಕ ನನಗ ಹೆದರಿಕಿ ಆತು.

"ನಂಗ ಇಪ್ಪತ್ತು ವರ್ಷ ಇದ್ದಾಗ ಆಕಿ ಕೆಂಪು ಉಟ್ಟು ಬಂದಿದ್ಲು. ನನಗೊಂದು ಕೆಂಪು ಕುಬಸ ಇತ್ತು, ಅಗದಿ ಜೀವ ಅದು. ಮ್ಯಾಲ ಕಂಬಳಿ ಹೊದ್ದು, ಒಳಗ ತೊಟಗೊಂಡು ಎಳ್ಳು ಬೀರಾಕ ಹೋಗಿ ಬಂದೆ. ಯಾರೂ ನೋಡಲಿಲ್ಲ. ಆಕಿ ನೋಡಿದ್ಲು. ಒಂಬತ್ತು ದಿವಸಕ್ಕ ನನ್ನ ತೊಡಿ ಮ್ಯಾಲಿನ ಮಗ ಹೋತು." ಆಯಿ ವೈನಿ ಹೊಟ್ಟಿ ಮ್ಯಾಲ ಕೈ ಇಟ್ಲು. "ಇದು ಹೊರಗ ಬಂದು ಅಳೂತನಕ ಈ ಮನ್ಯಾಗ ಹಸರು ಕಾಣಬಾರದು. ನಿನ್ನ ಸಲುವಾಗಿ ಅಲ್ಲ, ಇದರ ಸಲುವಾಗಿ."

ಮರುದಿನ ಮನ್ಯಾಗಿನ ಹಸರೆಲ್ಲ ಅಂಗಳಕ್ಕ ಬಂತು. ವೈನಿ ಕುಬಸದ ಸೀರಿ, ಅವ್ವನ ಎರಡು ಸೀರಿ, ಅಣ್ಣನ ಪಟಗಾ, ಎತ್ತಿನ ಕೊರಳಿನ ಹಸರು ಗೊಂಡೆ, ನನ್ನ ಪರಕಾರ. ನಾ ಅಳೂದು ಬಿಟ್ಟು, "ಆಯಿ, ಹೊಲ ಅಷ್ಟೂ ಹಸರ ಐತಲ್ಲ, ಅದನ್ನ ಎಲ್ಲಿ ಮುಚ್ಚಿಡೂದು?" ಅಂತ ಕೇಳಿದೆ. ಬೆನ್ನಿಗೆ ಬಿದ್ದ ಪೆಟ್ಟು ಈಗೂ ನೆನಪೈತಿ. ಅಪ್ಪ ಆ ಕಡಿ ಮಾರಿ ತಿರುವಿ ನಕ್ಕಿದ್ದೂ ನೆನಪೈತಿ.

ಬಳೀಗೆ ಏನ್ ಮಾಡೂದು ಅಂತ ಮಾತ್ರ ತಿಳೀಲಿಲ್ಲ. ಮುತ್ತೈದಿ, ಅದರಾಗ ಬಸರಿ, ಬಳಿ ತಗಸಂಗಿಲ್ಲ. ಇಡಂಗೂ ಇಲ್ಲ. ಕಡೀಕ ಆಯಿ ಅರಿಷಿಣದ ಅರಿವಿ ಹರದು ವೈನಿ ಎರಡೂ ಕೈಗೆ ಮೊಣಕೈ ತನಕ ಸುತ್ತಿದ್ಲು, ಮುರದ ಕೈಗೆ ಕಟ್ಟಿಧಂಗ.

ಅತ್ತ ಒಳಗ ಈ ಕೆಲಸ ನಡದಾಗ ಇತ್ತ ಹಿತ್ತಲದಾಗ ಅಪ್ಪ ಆ ಹಸರು ಅರಿವಿ ಗಂಟು ಮುಚ್ಚಿಡಾಕ ಜಾಗಾ ಮಾಡಿದ್ದ. ಮನಿ ಮಾಡಿನ ಕೆಳಗ ಇಡಬಾರದು, ನೆಲದ ಒಳಗ ಇಟ್ರ ಆಕಿ ಕಣ್ಣು ಹೋಗಂಗಿಲ್ಲ ಅಂತ ಆಯಿ ಹುಕುಂ. ನಮ್ಮ ಹಿತ್ತಲದಾಗ ಜ್ವಾಳ ತುಂಬೂ ಹಗೇವು ಇತ್ತು. ನೆಲದಾಗ ಬಾವಿಯಂಗ ತೋಡಿದ್ದು, ಬಾಯಿ ಸಣ್ಣದು, ಒಳಗ ಹೊಟ್ಟಿ ದೊಡ್ಡದು, ಎರಡಾಳು ಆಳ. ದೀಪಾವಳಿಗೆ ಜ್ವಾಳ ತಗದು ಖಾಲಿ ಮಾಡಿದ್ರು, ತಳದಾಗ ಒಂದೀಟು ಮುಗ್ಗಿದ ಕಾಳು, ಹೊಟ್ಟು ಉಳದಿತ್ತು. ಅಪ್ಪ ಬಾಯಿ ಚಪ್ಪಡಿ ಸರಸಿ, ಗಂಟು ಹಗ್ಗದ್ಲೆ ಇಳಬಿಟ್ಟ. ತಾ ಬಗ್ಗಿ ಸೈತ ನೋಡಲಿಲ್ಲ. ಚಪ್ಪಡಿ ಮುಚ್ಚಿ ನನ್ನ ಕಿವಿ ಹಿಡದ.

"ನಿನಗ ಹೇಳತೀನಿ, ನಿನಗ. ಇದರ ಬಾಯಿ ತಗೀಬಾರದು. ಒಳಗ ಗಾಳಿ ಸತ್ತಿರತೈತಿ. ಮೊದಲ ಕಂದೀಲ ಹಚ್ಚಿ ಇಳಬಿಡಬೇಕು. ಕಂದೀಲ ಆರಿದ್ರ ಮನಷ್ಯಾನೂ ಆರತಾನ."

ನಮ್ಮೂರಿನ ಕೂಸುಕೂಸಿಗೂ ಗೊತ್ತಿದ್ದ ಮಾತು ಅದು. ಸೊಲ್ಲಾಪುರದಾಗ ಬೆಳದಾವ್ರಿಗೆ ಗೊತ್ತಿರೂ ಮಾತಲ್ಲ.

ಸಂಕ್ರಾಂತಿ ದಿವಸ ಅಪ್ಪ, ಅವ್ವ ಬೋರಿ ಹೊಳಿಗೆ ಸ್ನಾನಕ್ಕ ಹೋಗಿದ್ರು. ಅಣ್ಣ ಕುರಿ ಹಿಂದ. ಹಬ್ಬ ಮುಗದ ಮರುದಿನ ವೈನಿನ್ನ ಬಾಣಂತನಕ್ಕ ತವರಿಗೆ ಕಳಸಾವ್ರು, ಅದಕ್ಕ ಆಕಿ ಟ್ರಂಕು ತುಂಬಾಕತ್ತಿದ್ಲು. ಆಯಿ ಉಂಡು ಮುಂದಿನ ಕಟ್ಟಿ ಮ್ಯಾಲ ಅಡ್ಡಾಗಿದ್ಲು. ಮೋಡ ಇದ್ದವು, ಗಾಳಿ ಇದ್ದಿಲ್ಲ. ಅಂಥಾ ದಿವಸ ಹಗೇವಿನ ಒಳಗಿನ ಗಾಳಿ ಹೊರಗ ಬರಂಗಿಲ್ಲ ಅನ್ನೂದು ನಾ ದೊಡ್ಡಾಕಿ ಆದ ಮ್ಯಾಲ ತಿಳಕೊಂಡೆ.

ಸಂಜೀಕ ಎಳ್ಳು ಬೀರಾಕ ಹೋಗೂದಿತ್ತು. ನನಗ ಅವ್ವ ತಗದಿಟ್ಟಿದ್ದು ಮಣ್ಣು ಬಣ್ಣದ ಪರಕಾರ, ಮೊಣಕಾಲಿಗೆ ತ್ಯಾಪಿ. ಓಣ್ಯಾಗಿನ ಹುಡುಗ್ಯಾರು ಕೆಂಪು ಹಳದಿ ಹಾಕ್ಕೊಂಡು ಆಗಲೇ ಅಡ್ಡಾಡಾಕತ್ತಿದ್ರು. ನಾ ವೈನಿ ಮುಂದ ಹೋಗಿ ಅಳಾಕ ಹತ್ತಿದೆ. ಅರ್ಧ ಖರೆ ಅಳು, ಅರ್ಧ ಸೋಗು. ಯಾವ ಅರ್ಧ ಆಕಿಗೆ ಮುಟ್ಟಿತೋ ಗೊತ್ತಿಲ್ಲ.

"ಅಗ ಬಾಯಿ, ಹಬ್ಬದ ದಿನ ನಮ್ಮ ನಾದಿನಿಬಾಯಿ ಕಣ್ಣಾಗ ನೀರು! ಎಲ್ಲಿಟ್ಟಾರ ನಿನ್ನ ಪರಕಾರ?"

"ಹಗೇವಿನ್ಯಾಗ."

"ಅಷ್ಟೇನು? ತಗಿಯೂಣು ನಡಿ. ಒಂದು ಗಳಿಗಿ ಹಾಕ್ಕೋ, ನನ್ನ ಮುಂದ ಒಂದು ಗಿರಕಿ ಹೊಡಿ, ಮತ್ತ ಒಳಗ ಒಗದುಬಿಡೂಣು. ನಾ ನಾಳೆ ಹೋದ್ರ ಇನ್ನ ಆರು ತಿಂಗಳ ನೋಡಾಂವ್ರು ಯಾರು?"

"ಆಯಿ?"

"ಆಯಿ ಗೊರಕಿ ಕೇಳವಲ್ದೇನು?"

ಇಲ್ಲಿ ನಾ ಕಂದೀಲದ ಮಾತು ಹೇಳಬೇಕಾಗಿತ್ತು. ನಾಲಗಿ ತುದಿಗೆ ಬಂದಿತ್ತು. ಆದ್ರ ಕಂದೀಲ ಇದ್ದಿದ್ದು ಆಯಿ ತಲಿ ಮ್ಯಾಲಿನ ಗೂಟಕ್ಕ. ಹಗಲಾಗ ಕಂದೀಲ ಹಚ್ಚಿದ್ರ ಎಣ್ಣಿ ವಾಸನಿಗೆ ಆಕಿ ಏಳತಿದ್ಲು. ಎದ್ರ ಪರಕಾರ ಇಲ್ಲ. ನಾ ನಾಲಗಿ ಒಳಗ ಎಳಕೊಂಡೆ.

ಚಪ್ಪಡಿ ಇಬ್ಬರೂ ಕೂಡಿ ಸರಸಿದಿವಿ. ಒಳಗಿಂದ ಹುಳಿ ಗಂಜಿಯಂಥಾ ವಾಸನಿ ಮ್ಯಾಲ ಬಂತು. ವೈನಿ ಮೂಗು ಮುಚ್ಚಿಕೊಂಡು, "ಎಷ್ಟ ವರ್ಷದ ಅಂಬಲಿ ಇಟ್ಟೀರಿ ಒಳಗ?" ಅಂತ ನಕ್ಳು. ನಾ ಇಳೀತೀನಿ ಅಂತ ನಾನ ಮುಂದ ಬಂದೆ. ಆಕಿ ಬಾವಿ ಹಗ್ಗ ತಂದು ನನ್ನ ಸೊಂಟಕ್ಕ ಕಟ್ಟಿ, ಇನ್ನೊಂದು ತುದಿ ದನದ ಗೂಟಕ್ಕ ಎರಡು ಸುತ್ತು ಹಾಕಿದ್ಲು. ನಾ ಜಾರಿ ಬಿದ್ದಗಿದ್ದೇನು ಅಂತ ಆಕಿ ಕಾಳಜಿ. ಆ ಹಗ್ಗದಿಂದ ನಾ ಇವತ್ತು ಇದನ್ನ ಬರಿಯಾಕತ್ತೀನಿ.

ಗ್ವಾಡಿಗೆ ಕಾಲಿಡಾಕ ಕೊರದ ಕಚ್ಚಿನ್ಯಾಗ ಬೆರಳು ಹಾಕಿ ಇಳದೆ. ಕೆಳಗ ಗಂಟು ಬಿಚ್ಚಿಕೊಂಡು ಬಿದ್ದಿತ್ತು. ಮ್ಯಾಲಿನ ಬೆಳಕು ಒಂದೀಟು ಬಿದ್ದು ನನ್ನ ಪರಕಾರದ ಕನ್ನಡಿ ಮಿಣಕ್ ಮಿಣಕ್ ಅಂದವು, ಕೆಳಗ ಯಾರೋ ಕುಂತು ಕಣ್ಣು ತಗದು ನೋಡಿಧಂಗ. ಉಸರು ಜೋರು ಹೊಡಕೊಳ್ಳಾಕ ಹತ್ತಿತು. ಓಡಿ ಬಂದಿಲ್ಲ, ಆದ್ರೂ ಓಡಿ ಬಂಧಂಗ. ಕಿವ್ಯಾಗ ಗುಂಯ್ ಅಂತು. ಪರಕಾರದ ಅಂಚು ಕೈಗೆ ಸಿಕ್ತು, ಜರಿ ತಣ್ಣಗ ಇತ್ತು. ಮ್ಯಾಲ ನೋಡಿದ್ರ ವೈನಿ ಮಾರಿ ಒಂದು ತಟ್ಟಿಯಷ್ಟು, ಆಮ್ಯಾಲ ಒಂದು ಬಟ್ಟಲಷ್ಟು. "ಸಿಕ್ತೇನ?" ಅಂದಿದ್ದು ಕೇಳಿಸಿತು. ಸಿಕ್ತು ಅನ್ನಾಕ ಬಾಯಿ ತಗದೆ. ಕಾಲು ಅರಿವಿಯಂಗ ಮಡಚಿಕೊಂಡವು.

ಮುಂದಿಂದು ನನಗ ಗೊತ್ತಿಲ್ಲ, ಹೇಳಿಸಿಕೊಂಡಿದ್ದು. ನಾ ಮಾತಾಡಲಿಲ್ಲ ಅಂತ ವೈನಿ ಹಗ್ಗ ಜಗ್ಗಿದ್ಲು. ಹತ್ತು ವರ್ಷದ ಗಟ್ಟಿ ಹುಡುಗಿ, ಎರಡಾಳು ಆಳ, ಜಗ್ಗಾಕಿ ಎಂಟು ತಿಂಗಳ ಬಸರಿ. ಕಾಲು ಗೂಟಕ್ಕ ಒತ್ತಿ, ಬೆನ್ನು ಹಿಂದ ಬಗ್ಗಿಸಿ ಜಗ್ಗಿದ್ಲಂತ. ಒದರಿದ್ದಕ್ಕ ಆಯಿ ಎದ್ದು ಓಡಿಬಂದು ಹಿಂದಿಂದ ಹಗ್ಗಕ್ಕ ಕೈ ಹಚ್ಚಿದ್ಲು. ನನ್ನ ತಲಿ ಹೊರಗ ಬರೂದ್ರಾಗ ಅರಿಷಿಣದ ಅರಿವಿ ಒಳಗ ವೈನಿ ಬಳಿ ಎಲ್ಲ ಪುಡಿ ಆಗಿದ್ದವು. ನಾ ಕಣ್ಣು ತಗದಾಗ ಮೊದಲ ಕಂಡಿದ್ದು ಅದ. ಹಳದಿ ಅರಿವಿ ಕೆಂಪಾಗಿತ್ತು. ಆಮ್ಯಾಲ ವೈನಿ ಕಂಡ್ಲು. ನನ್ನ ಮಗ್ಗಲಾಗ ಮೊಣಕಾಲ ಊರಿ, ಹೊಟ್ಟಿ ಕೆಳಗ ಕೈ ಇಟಗೊಂಡು, ನೆಲಾ ನೋಡಾಕತ್ತಿದ್ಲು. ನೆಲಾ ತೊಯ್ದಿತ್ತು.

"ಆಯಿ," ಅಂದ್ಲು, "ಇದು ಈಗ ಬರಬಾರದಲ್ರಿ."

ಆಯಿ ಕಾಲಿಲೆ ಚಪ್ಪಡಿ ಒದ್ದು ಹಗೇವಿನ ಬಾಯಿ ಮುಚ್ಚಿದ್ಲು. ಪರಕಾರ ಒಳಗ ಉಳೀತು.

ಮರುದಿನ ಮಧ್ಯಾಹ್ನಕ್ಕ ಕೂಸು ಹುಟ್ಟಿತು, ಹೆಣ್ಣು. ಎಂಟರಾಗ ಹುಟ್ಟಿದ್ದು ಉಳಿಯಂಗಿಲ್ಲ ಅಂತ ನಮ್ಮ ಕಡಿ ನಂಬಿಕಿ. ಸೂಲಗಿತ್ತಿ ಅದನ್ನ ಜ್ವಾಳ ಕೇರೂ ಮರದಾಗ ಹಾಕಿ, ಬಟ್ಟಿ ಸೈತ ಸುತ್ತಲಿಲ್ಲ, ಮಾರಿ ತಿರುವಿ ಕೈ ತೊಳ್ಯಾಕ ಹೋದ್ಲು. ನಾ ಬಾಗಲ ಸಂದ್ಯಾಗಿಂದ ನೋಡಿದೆ. ಇಲಿಮರಿಯಂಗ ಕೆಂಪಗ, ಉಗುರು ಇನ್ನ ಸರಿ ಮೂಡಿದ್ದಿಲ್ಲ. ಅಳಲಿಲ್ಲ. ಬಾಯಿ ಮಾತ್ರ ತಗೀತಿತ್ತು, ಮುಚ್ಚತಿತ್ತು.

ಆಯಿ ಸೂಲಗಿತ್ತಿನ್ನ ದೂಡಿ ಒಳಗ ಬಂದ್ಲು. ಕುರಿ ಸಾಕಿದ ಮನಿ ನಮ್ಮದು. ಥಂಡ್ಯಾಗ ದಿನಾ ತುಂಬದ ಮರಿ ಬಿದ್ರ ಏನ್ ಮಾಡಬೇಕು ಅಂತ ಆಕಿಗೆ ಗೊತ್ತಿತ್ತು, ಸೂಲಗಿತ್ತಿಗೆ ಗೊತ್ತಿದ್ದಿಲ್ಲ. ತೊಳದ ಕುರಿ ತುಪ್ಪಟ ಹಿಂಜಿ ಮೆತ್ತಗ ಮಾಡಿ ಕೂಸಿಗೆ ಸುತ್ತಿದ್ಲು. ತನ್ನ ಕುಬಸ ಬಿಚ್ಚಿ, ಎದಿ ಮ್ಯಾಲ ಕೂಸು ಇಟಗೊಂಡು, ಮ್ಯಾಲ ಎರಡು ಕಂಬಳಿ ಹೊದ್ದು, ಮೂಲ್ಯಾಗ ಕುಂತುಬಿಟ್ಲು. ವೈನಿ ಹಾಲು ಹಿಂಡಿ, ಹತ್ತಿ ಬತ್ತಿ ತೋಯಿಸಿ, ಹನಿ ಹನಿ ಬಾಯಾಗ ಬಿಡೂದು. ಇಷ್ಟ.

ಮಂದಿ ಬಂದ್ರು. ಅಂಗಳದಾಗ ನಿಂತು ಒಳಗ ಕೇಳೂವಷ್ಟು ಮೆಲ್ಲಕ ಮಾತಾಡಿದ್ರು.

"ಹಸರಿಗೆ ಕೈ ಹಚ್ಚಿದ್ಲಂತ. ಅದೂ ಹಬ್ಬದ ದಿನ."

"ಆಕಿ ನಖರಾ ನಾ ಮೊದಲ ನೋಡಿದ್ದೆ ಬಿಡು."

ಅವ್ವನೂ ಅವರ ಕೂಡ ತಲಿ ಹಾಕಿದ್ಲು. ವೈನಿನ್ನ ಏನಾತು ಅಂತ ಕೇಳಿದಾಗ ಆಕಿ, "ನಾನ ತಗಿ ಅಂದೆ, ಹುಡುಗಿಂದೇನಿಲ್ಲ" ಅಂದಿದ್ಲು. ಅದ ಸಾಕಾತು. ಕೂಸು ಹೋದ್ರ ವೈನಿ ತವರಿಗೆ ಹೋಗಾಕಿ, ಕರ್ಯಾಕ ಯಾರೂ ಹೋಗಾವ್ರಲ್ಲ. ಇದನ್ನ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ತುಂಬಿದ್ದ ಟ್ರಂಕು ಮಾತ್ರ ಯಾರೂ ಬಿಚ್ಚಲಿಲ್ಲ, ಬಾಗಲಾಗ ಹಂಗ ಇತ್ತು. ಅಣ್ಣ ಅದನ್ನ ದಾಟಿ ಒಳಗ ಬರತಿದ್ದ, ದಾಟಿ ಹೊರಗ ಹೋಗತಿದ್ದ.

ಆಯಿ ಕಂಬಳಿ ಒಳಗಿಂದ ಒಂದ ಮಾತು ಹೇಳಿದ್ಲು. "ಯಾರ ತಪ್ಪು ಅನ್ನೂದು ಕೂಸು ಉಳದ ಮ್ಯಾಲ ನೋಡೂಣು. ಅಲ್ಲೀ ತನಕ ಎಲ್ಲಾರೂ ಗಪ್ಪ."

ನನ್ನ ಪಾಡು ಕೇಳಬ್ಯಾಡ್ರಿ. ಕೂಸು ಉಳೀಲಿ ಅಂತ ಬೀರೋಬಾನ ಗುಡಿ ದಿಕ್ಕಿಗೆ ದಿನಾ ಕೈ ಮುಗೀತಿದ್ದೆ. ಉಳದ್ರ ಆಯಿ ಕೇಳತಾಳ ಅಂತ ಒಮ್ಮೊಮ್ಮೆ ಅರ್ಧ ಮುಗದು ನಿಲ್ಲಿಸಿದ್ದೂ ಐತಿ. ದೇವರಿಗೆ ಗೊತ್ತೈತಿ. ನಿಮಗೂ ಗೊತ್ತಾಗಲಿ.

ಆಯಿ ಉಣ್ಣಾಕ ಎದ್ದಾಗ ಅಷ್ಟು ಹೊತ್ತು ಕೂಸು ನನ್ನ ತೊಡಿ ಮ್ಯಾಲ. "ಮೂಗಿನ ಮುಂದ ಬೆರಳು ಹಿಡಿ. ಗಾಳಿ ನಿಂತ್ರ ಕಾಲು ತಿಕ್ಕು, ಒದರು" ಅಂದಿದ್ಲು. ನಾ ಬೆರಳು ಹಿಡೀತಿದ್ದೆ. ಗಾಳಿ ಬರತಿತ್ತು, ಬರತಿತ್ತು, ನಿಲ್ಲತಿತ್ತು. ಆ ನಿಂತ ಹೊತ್ತಿನ್ಯಾಗ ನನ್ನ ಉಸರೂ ನಿಲ್ಲತಿತ್ತು. ಕಾಲು ತಿಕ್ಕಿದ್ರ ಮತ್ತ ಬರತಿತ್ತು. ದಿನಕ್ಕ ಎಷ್ಟ ಸಲ ಹಿಂಗಾತೋ. ಮೂಲ್ಯಾಗ ಮಲಗಿದ ವೈನಿ ನನ್ನ ಬೆರಳನ್ನ ನೋಡಕೋತ ಇರತಿದ್ಲು.

ರಥಸಪ್ತಮಿ ಆಗಿ ಎರಡು ದಿವಸಕ್ಕ ಕೂಸು ಅತ್ತಿತು. ಮೊದಲನೇ ಸಲ ಖರೆ ಅಳು, ಹಸದ ಅಳು. ಮಗ್ಗಲ ಮನಿ ಮಾವಶಿ ತಾನ ಎದ್ದು ಬಂದ್ಲು. ಅವ್ವ ಓಡಿಬಂದ್ಲು. ಆಯಿ ಇಪ್ಪತ್ತು ದಿವಸದ ಮ್ಯಾಲ ಕಂಬಳಿ ತಗದು, ಕೂಸಿನ್ನ ವೈನಿ ಎದಿಗೆ ಕೊಟ್ಟು, ಸೊಂಟ ನೆಟ್ಟಗ ಮಾಡಿದ್ಲು. ಆಮ್ಯಾಲ ನನ್ನ ಕಡಿ ತಿರಗಿದ್ಲು.

"ಕೂಸು ಉಳೀತು. ಈಗ ಹೇಳು. ಒಳಗ ಗಾಳಿ ಸತ್ತಿರತೈತಿ ಅಂತ ಆಕಿಗೆ ಗೊತ್ತಿತ್ತೇನು?"

"ಇಲ್ಲ."

"ನಿನಗ?"

ಅವ್ವ ನಡುವ ಬಾಯಿ ಹಾಕಿದ್ಲು. "ಅತ್ತೀ, ಸಣ್ಣ ಹುಡುಗಿ ಅದು. ಹಸರು ಮುಟ್ಟಿದ್ದಕ್ಕ ಹಿಂಗಾತು ಅಂತ ಊರ ಅಂತೈತಿ."

"ಊರಿಗೆ ನಾ ಕೇಳಿಲ್ಲ. ಇದಕ್ಕ ಕೇಳೀನಿ."

"ಗೊತ್ತಿತ್ತು," ಅಂದೆ. "ಅಪ್ಪ ಹೇಳಿದ್ದ. ಕಂದೀಲ ಹಚ್ಚಿದ್ರ ನೀ ಏಳತಿದ್ದಿ. ಅದಕ್ಕ ವೈನಿ ಮುಂದ ಹೇಳಲಿಲ್ಲ."

ನಾ ಪೆಟ್ಟಿಗೆ ಬೆನ್ನು ಗಟ್ಟಿ ಮಾಡಿ ನಿಂತೆ. ಪೆಟ್ಟು ಬೀಳಲಿಲ್ಲ. ಮಾವಶಿ ನೆಲಾ ನೋಡಿದ್ಲು. ಅವ್ವ ಬಾಗಲಕ್ಕ ಹೋಗಿ, ಟ್ರಂಕು ಎತ್ತಿ ಒಳಗ ತಂದು, ವೈನಿ ಹಾಸಿಗಿ ಮಗ್ಗಲಾಗ ಇಟ್ಟು, ಕೀಲಿ ಬಿಚ್ಚಿ ಒಂದೊಂದ ಅರಿವಿ ಹೊರಗ ತಗ್ಯಾಕ ಹತ್ತಿದ್ಲು. ಕೈಲೆ ಮಾಫಿ ಕೇಳಿಧಂಗ ಇತ್ತು ಆಕಿ ತಗದಿದ್ದು.

ವೈನಿ ಮಾತಾಡಿದ್ದು ಆಮ್ಯಾಲ. ಕೂಸಿನ ಮ್ಯಾಲಿಂದ ಕಣ್ಣು ತಗೀಲಿಲ್ಲ. ದನ್ಯಾಗ ಸಿಟ್ಟೂ ಇದ್ದಿಲ್ಲ.

"ಆ ದಿನ ನೀ ಇಳ್ಯಾಕ ಹೆದರಿದ್ರ," ಅಂದ್ಲು, "ನಾನ ಇಳೀಬೇಕಂತ ಮಾಡಿದ್ದೆ. ನನಗ್ಯಾರು ಹಗ್ಗ ಕಟ್ಟತಿದ್ರು?"

ನಾ ಅಳಲಿಲ್ಲ. ಸೋಗಿಗೂ ಅಳು ಬರಲಿಲ್ಲ. ಇಳ್ಯಾಕ ನಾ ಮುಂದ ಬಂದಿದ್ದು ಧೈರ್ಯಕ್ಕಲ್ಲ, ಪರಕಾರ ನನ್ನ ಕೈಗೆ ಮೊದಲ ಸಿಗಲಿ ಅಂತ. ಆ ಅವಸರ ಒಂದು ಗಳಿಗಿ ಕಮ್ಮಿ ಇದ್ದಿದ್ರ ಆ ಮನ್ಯಾಗಿಂದ ಎರಡು ಜೀವ ಹೋಗತಿದ್ದವು, ನಾ ಮ್ಯಾಲ ನಿಂತು ನೋಡತಿದ್ದೆ. ಅಪ್ಪ ಅದ ವಾರ ನಾಕು ಬಂಡಿ ಮಣ್ಣು ತಂದು ಹಗೇವು ತುಂಬಿಸಿಬಿಟ್ಟ. ಗಂಟು ತಗ್ಯಾಕ ಯಾರೂ ಇಳೀಲಿಲ್ಲ.

ಮುಂದಿನ ಥಂಡ್ಯಾಗ ವೈನಿ ಮತ್ತ ಬಣ್ಣ ಉಟ್ಲು. ಕಿತ್ತಳಿ ಸೀರಿ, ಟಿಕ್ಲಿ ಹಚ್ಚಿದ ಕುಬಸ. ಕೂಸಿಗೆ ಕುಂಚಗಿ ಹೊಲದು ನೆತ್ತಿ ತನಕ ಕನ್ನಡಿ ಕೂಡಿಸಿದ್ಲು. ಬಾವಿ ಹಂತೇಕ ಮಾವಶಿ ತಾನ ಸೆರಗು ಸರಸಿ ತನ್ನ ಗೋಟ ತೋರಿಸಿದ್ಲು. ವೈನಿ ನನ್ನ ಕೂಡ ನಗತಿದ್ಲು, ತಲಿ ಹಿಕ್ಕತಿದ್ಲು, ಸೊಲ್ಲಾಪುರಕ್ಕ ಹೋದ್ರ ನನಗ ಪೇಠದಿಂದ ರೇವಡಿ ತರತಿದ್ಲು. ಪರಕಾರ ಮಾತ್ರ ಹೊಲೀಲಿಲ್ಲ. ನಾ ಕೇಳಲಿಲ್ಲ. ನನ್ನ ಲಗ್ನಕ್ಕ ಸೈತ ಆಕಿ ಅರಿವಿ ತಂದುಕೊಟ್ಲು, ಸೂಜಿ ಹಿಡೀಲಿಲ್ಲ.

ಆ ಕೂಸು ನಾ ಗಂಡನ ಮನಿಗೆ ಹೋಗೂತನಕ ನನ್ನ ಬಗಲಾಗ ಬೆಳೀತು. ಗಟ್ಟಿ ಆತು, ನನ್ನ ಕೂದಲ ಜಗ್ಗಿ ಹೊಡಿಯೂವಷ್ಟು ಗಟ್ಟಿ. ಆದ್ರೂ ಅದು ಮಲಗಿದಾಗೆಲ್ಲ ನಾ ಮೂಗಿನ ಮುಂದ ಬೆರಳು ಹಿಡೀತಿದ್ದೆ. ಆಮ್ಯಾಲ ನನ್ನ ಮಕ್ಕಳಿಗೂ ಹಿಡದೆ. ಗಂಡಗೂ ಹಿಡದೀನಿ, ಅಂವ ಎದ್ದು "ಇನ್ನ ಸತ್ತಿಲ್ಲ, ಮಲಗು" ಅಂತಿದ್ದ. ಈಗ ಮೊಮ್ಮಗಳು ಮಗ್ಗಲಾಗ ನಿದ್ದಿ ಹೋಗ್ಯಾಳ, ಮಧ್ಯಾಹ್ನದ ನಿದ್ದಿ. ಒಂದು ಕೈಲೆ ಒತ್ತಾಕತ್ತೀನಿ, ಅದಕ್ಕ ತಡಾ ಆಗತೈತಿ. ಇನ್ನೊಂದು ಕೈ ಆಕಿ ಮೂಗಿನ ಮುಂದ ಐತಿ.